ಸುಬೇದಾರರ ಕೋವಿ, ಮೌನಾಚಾರಿಯ ಸ್ಕ್ರೂಡ್ರೈವರ್

ಬನ್ನಿ, ಹತ್ತಿರ ಕೂತ್ಕೊಳ್ಳಿ. ಬುದ್ಧಿವಂತರ ಕತೆ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ, ಅದನ್ನ ಅವರ ಹತ್ತಿರವೇ ಕೇಳಿ. ನಾನು ಹೇಳೋದು ಮೌನಾಚಾರಿಯ ಕತೆ.

ಪಿರಿಯಾಪಟ್ಟಣ ದಾಟಿ ಕೊಡಗಿನ ಕಡೆ ಹೋಗೋ ರಸ್ತೆಯಲ್ಲಿ ಒಂದು ಸಂತೆ ಊರು. ಆ ಊರಲ್ಲಿ ಒಂದು ಕೋವಿ ರಿಪೇರಿ ಅಂಗಡಿ. ನಡೆಸುತ್ತಿದ್ದವರು ವೀರಾಚಾರಿ. ಅಜ್ಜನ ಕಾಲದ ಜೋಡುನಳಿಗೆ ಕೋವಿ ಬರಲಿ, ಮುತ್ತಜ್ಜನ ಕಾಲದ್ದು ಬರಲಿ, ಬಿಚ್ಚಿ, ಸರಿ ಮಾಡಿ, ಬಿಚ್ಚಿದ ಗುರುತೇ ಸಿಗದ ಹಾಗೆ ಕೂಡಿಸಿ ಕೊಡುತ್ತಿದ್ದರು. ಕೊಡಗಿನವರು ಹೊಳೆ ದಾಟಿ ಇಲ್ಲಿಗೇ ಬರುತ್ತಿದ್ದರು. ಅಂಥ ವೀರಾಚಾರಿ ಒಂದು ದಿನ ತೀರಿಕೊಂಡರು. ಹಿಂದೆ ಬಿಟ್ಟುಹೋದದ್ದು ಹೆಂಡತಿ ಕಾಳಮ್ಮ, ಒಂದು ಪೆಟ್ಟಿಗೆ ತುಂಬ ಸ್ಕ್ರೂಡ್ರೈವರು, ಮತ್ತೆ ಮಗ ಮೌನಾಚಾರಿ. ಇದರಲ್ಲಿ ಮೊದಲಿನ ಎರಡು ಹರಿತ.

ಕಾಳಮ್ಮ ಗಂಡನ ಪಕ್ಕ ಕೂತು ಕೂತು ಅರ್ಧ ಕೆಲಸ ಕಲಿತಿದ್ದಳು, ಉಳಿದ ಅರ್ಧ ಗಂಡನಿಗೆ ಅವಳೇ ಕಲಿಸಿದ್ದಳು ಅಂತ ಊರವರ ಮಾತು. ಆದರೆ ಈಗ ಅವಳ ಕಣ್ಣು ಮಂಜು. ಎದುರಿಗೆ ನಿಂತವರು ಗಂಡಸೋ ಹೆಂಗಸೋ ಅನ್ನೋದು ಅವರು ಬಾಯಿ ಬಿಟ್ಟ ಮೇಲೇ ತಿಳಿಯುತ್ತಿತ್ತು. ಹಾಗಾಗಿ ಬುದ್ಧಿ ಅವಳದು, ಕೈ ಮಗನದು ಅಂತ ಏರ್ಪಾಡಾಯಿತು.

ಮಗನಿಗೆ ಮೂವತ್ತು ದಾಟಿತ್ತು. ಮೀಸೆ ಸೊಂಪಾಗಿತ್ತು, ತೋಳಲ್ಲಿ ಕಸುವಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತಿದ್ದ. ಹೇಳಿದ ಮಾತು ಕೇಳೋ ಮಗ ಸಿಗೋದು ಪುಣ್ಯ ಅಂತ ಯಾರಾದರೂ ಅಂದರೆ, ಅವರು ಮೌನಾಚಾರಿಗೆ ಯಾವತ್ತೂ ಒಂದು ಕೆಲಸ ಹೇಳಿ ನೋಡಿಲ್ಲ ಅಂತ ಅರ್ಥ. ಏನು ಹೇಳಿದರೂ ಅವನ ಉತ್ತರ ಒಂದೇ. "ಆಯ್ತವ್ವ."

ಗಂಡ ಸತ್ತ ಹೊಸದರಲ್ಲಿ ಕಾಳಮ್ಮ, ನಿಮ್ಮಪ್ಪನ ಸ್ಕ್ರೂಡ್ರೈವರು ಸುಮ್ಮನೆ ಬಿದ್ದು ತುಕ್ಕು ಹಿಡಿಯಬಾರದು, ಉಪಯೋಗಿಸ್ತಾ ಇರು ಅಂದಿದ್ದಳು. ಆಯ್ತವ್ವ ಅಂದ. ಉಪಯೋಗಿಸಿದ. ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿದ, ತೆಂಗಿನಕಾಯಿ ಸುಲಿದ, ಸೈಕಲ್ ಟೈರು ಕಳಚಿದ, ಗೋಡೆಯಲ್ಲಿ ಗೂಟಕ್ಕೆ ತೂತು ಹೊಡೆದ. ಒಂದಕ್ಕೂ ತುಕ್ಕು ಹಿಡಿಯಲಿಲ್ಲ. ತುದಿ ಮಾತ್ರ ಒಂದಕ್ಕೂ ಉಳಿಯಲಿಲ್ಲ.

ಹೀಗಿರುವಾಗ ಅಂಗಡಿಗೆ ಸುಬೇದಾರ್ ಬೆಳ್ಯಪ್ಪ ಬಂದರು. ಸೈನ್ಯದಿಂದ ನಿವೃತ್ತಿಯಾಗಿ ಎಷ್ಟೋ ವರ್ಷವಾಗಿತ್ತು, ಆದರೆ ಅವರ ಬೆನ್ನಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ, ನೆಟ್ಟಗೆ ಪರೇಡಿನಲ್ಲೇ ನಿಂತಿತ್ತು. ಕೈಯಲ್ಲಿ ಅವರ ಅಜ್ಜನ ಕೋವಿ. ಎರಡು ನಳಿಗೆ, ಮೇಲೆ ತೋಟಾಕ್ಕೆ ಬಡಿಯೋ, ಎಳೆದು ನಿಲ್ಲಿಸೋ ಎರಡು ಕುದುರೆ, ಪಕ್ಕದ ಉಕ್ಕಿನ ತಗಡಿನ ಮೇಲೆ ಬಳ್ಳಿ ಹೂವಿನ ಕೆತ್ತನೆ. ಬಲಗಡೆ ಕುದುರೆ ಎಳೆದರೆ ನಿಲ್ಲುತ್ತಿರಲಿಲ್ಲ, ಒಳಗೆ ಸ್ಪ್ರಿಂಗ್ ಮುರಿದಿತ್ತು. ಕೈಲ್ ಮುಹೂರ್ತದ ಹಬ್ಬ ಹತ್ತಿರ ಬಂದಿದೆ, ಅವತ್ತು ಮನೆಯ ಕೋವಿಗಳನ್ನೆಲ್ಲ ದೀಪದ ಮುಂದೆ ಇಟ್ಟು ಪೂಜೆ ಮಾಡುವಾಗ ಅಜ್ಜನ ಕೋವಿ ಮೊದಲು ಇರಬೇಕು, ನೆಂಟರೆಲ್ಲ ಬರುತ್ತಾರೆ, ಕುದುರೆ ಜೋತುಬಿದ್ದ ಕೋವಿಯನ್ನ ದೀಪದ ಮುಂದೆ ಹೇಗೆ ಇಡೋದು ಅಂದರು. ವೀರಾಚಾರಿ ಇಲ್ಲದ ಮೇಲೆ ಈ ಅಂಗಡಿ ಇನ್ನೇನು ಅಂತ ನೆಂಟರು ಆಗಲೇ ಮಾತಾಡುತ್ತಿದ್ದಾರಂತೆ. ಇದೊಂದು ಸರಿಯಾದರೆ ಎಲ್ಲರ ಕೋವಿಯೂ ಇಲ್ಲಿಗೇ ಬರುತ್ತೆ, ಕೆಟ್ಟರೆ ಎಲ್ಲರದೂ ಮೈಸೂರಿಗೆ ಹೋಗುತ್ತೆ ಅಂತ ಹೇಳಿ ಕೋವಿ ಇಟ್ಟು ಹೋದರು.

ಕಾಳಮ್ಮ ಕೋವಿಯನ್ನ ಮಡಿಚಿ ನಳಿಗೆ ಎರಡೂ ಖಾಲಿ ಅಂತ ಬೆರಳು ಹಾಕಿ ಖಾತ್ರಿ ಮಾಡಿಕೊಂಡಳು. ಆಮೇಲೆ ಸ್ಕ್ರೂಗಳ ಮೇಲೆ ಉಗುರು ಆಡಿಸಿದಳು. ಹಳೇ ಕೋವಿಯ ಸ್ಕ್ರೂ ಅಂದರೆ ಈಗಿನ ಬಾಗಿಲು ಕಿಟಕಿಯ ಸ್ಕ್ರೂ ಅಲ್ಲ. ತಲೆಯ ಮೇಲಿನ ಸೀಳು, ಅದನ್ನ ಅವರು ಬಾಯಿ ಅಂತಾರೆ, ಕೂದಲೆಳೆಯಷ್ಟು ಸಣ್ಣ. ದಪ್ಪ ಸ್ಕ್ರೂಡ್ರೈವರ್ ಹಾಕಿದರೆ ಒಳಗೆ ಇಳಿಯೋದಿಲ್ಲ, ಜಾರುತ್ತೆ. ಜಾರಿದರೆ ಬಾಯಿ ಹರಿಯುತ್ತೆ, ಪಕ್ಕದ ಕೆತ್ತನೆ ಮೇಲೆ ಗೀರು ಬೀಳುತ್ತೆ. ಬಿದ್ದ ಗೀರನ್ನ ಅಳಿಸೋಕೆ ಆ ಅಜ್ಜನೇ ಎದ್ದು ಬಂದರೂ ಆಗೋದಿಲ್ಲ.

ಕಾಳಮ್ಮ ಮಗನನ್ನ ಕರೆದು, ಶೆಟ್ಟರ ಹಾರ್ಡ್‌ವೇರ್ ಅಂಗಡಿಗೆ ಹೋಗು, ಸಣ್ಣ ಸ್ಕ್ರೂಡ್ರೈವರ್ ಒಂದು ತಗೊಂಡು ಬಾ ಅಂದಳು. "ಸುಮ್ಮನೆ ಕೊಟ್ಟದ್ದು ತರಬೇಡ. ಬಾಯಿಗೆ ಹಾಕಿ ನೋಡು. ಬಾಯಿ ತುಂಬ ಕೂರಬೇಕು, ಆ ಕಡೆ ಈ ಕಡೆ ಅಲ್ಲಾಡಬಾರದು" ಅಂತ ಹೇಳಿ, ನೋಡೋಕೆ ಇರಲಿ ಅಂತ ಒಂದು ಹಳೇ ಸ್ಕ್ರೂವನ್ನೂ ಅವನ ಕೈಗೆ ಕೊಟ್ಟಳು.

"ಆಯ್ತವ್ವ."

ಸ್ಕ್ರೂವನ್ನ ಜೇಬಿಗೆ ಹಾಕಿಕೊಂಡ. ಹೋದ. ಶೆಟ್ಟರು ಸ್ಕ್ರೂಡ್ರೈವರಿನ ಡಬ್ಬ ತಂದು ಮುಂದಿಟ್ಟರು. ಮೌನಾಚಾರಿ ಒಂದನ್ನ ಎತ್ತಿದ, ಬಾಯಿ ತೆರೆದ, ಒಳಗೆ ಹಾಕಿದ, ತುಟಿ ಮುಚ್ಚಿದ, ತಲೆ ಅಲ್ಲಾಡಿಸಿದ. ಸಡಿಲ. ಕೆಳಗಿಟ್ಟ. ಇನ್ನೊಂದು ಎತ್ತಿದ. ಅದೂ ಸಡಿಲ. ಶೆಟ್ಟರು ಯಾರಿಗೋ ಮೊಳೆ ತೂಗುತ್ತಾ ಇದ್ದವರು ತಿರುಗಿ ನೋಡುವಷ್ಟರಲ್ಲಿ ಅರ್ಧ ಡಬ್ಬ ಒದ್ದೆ. ಕೊನೆಗೆ ಗರಗಸದ ಮಿಲ್ಲಿನವರು ಒಯ್ಯೋ ಅಂಥ, ಮರದ ಹಿಡಿಯ ದೊಡ್ಡದೊಂದು ಸಿಕ್ಕಿತು. ಅದರ ಹಿಡಿ ಅವನ ಬಾಯಿ ತುಂಬ ಕೂತಿತು, ಅಲ್ಲಾಡಲಿಲ್ಲ. ಏನಯ್ಯ ಇದು ಅಂತ ಶೆಟ್ಟರು ಕೇಳಿದರೆ ಉತ್ತರ ಹೇಳೋಕೆ ಬಾಯಿ ಖಾಲಿ ಇರಲಿಲ್ಲ. ಎಂಜಲು ಮಾಡಿದ್ದನ್ನೆಲ್ಲ ನೀನೇ ಹೊತ್ತುಕೊಂಡು ಹೋಗು ಅಂತ ಶೆಟ್ಟರು ಕಟ್ಟಿಕೊಟ್ಟರು.

ಮನೆಯಲ್ಲಿ ಕಂತೆ ಬಿಚ್ಚಿದಾಗ ಕಾಳಮ್ಮನಿಗೆ ಕಣ್ಣು ಕಾಣದಿದ್ದರೂ ಕೈಗೆ ಎಲ್ಲ ಕಂಡಿತು. ನಿನ್ನ ಬದಲು ಒಂದು ಒರಳುಕಲ್ಲು ಹೆತ್ತಿದ್ದರೆ ಹಿಟ್ಟಾದರೂ ರುಬ್ಬಬಹುದಿತ್ತು ಅಂದಳು. ಬಾಯಿ ಅಂದರೆ ಸ್ಕ್ರೂ ಬಾಯಿ ಕಣೋ, ನಿನ್ನ ಬಾಯಿ ಅಲ್ಲ ಅಂದಳು. ಬೈದು ಸಾಕಾದ ಮೇಲೆ, ಹೋಗಲಿ, ಇವುಗಳಲ್ಲೇ ಒಂದನ್ನ ಹದ ಮಾಡೋಣ ಅಂತ ಹೊಸ ಬುದ್ಧಿ ಹೇಳಿದಳು. "ಅಂಗಡಿಯಿಂದ ಬಂದದ್ದನ್ನ ಯಾವತ್ತೂ ಹಾಗೇ ಉಪಯೋಗಿಸಬಾರದು. ಮೊದಲು ಸಾಣೆಕಲ್ಲಿಗೆ ಹಿಡಿಯಬೇಕು. ದಪ್ಪ ಹೋಗಿ ತೆಳ್ಳಗಾಗಬೇಕು. ಎರಡು ಕಡೆಯೂ ಸಮ ಇರಬೇಕು. ತಿಳೀತಾ?"

"ಆಯ್ತವ್ವ."

ಅವತ್ತೇ ಪಿರಿಯಾಪಟ್ಟಣದ ಕನ್ನಡಕದ ಅಂಗಡಿಯಿಂದ ಹೇಳಿಕಳಿಸಿದ್ದರು, ಕಾಳಮ್ಮನ ಕನ್ನಡಕ ತಯಾರಾಗಿದೆ ಅಂತ. ಅವಳಿಗೆ ಜೀವ ಬಂದ ಹಾಗಾಯಿತು. ಕನ್ನಡಕ ಒಂದು ಬಂದರೆ ಸಾಕು, ಈ ಕೋವಿಯನ್ನ ಮಗನ ಕೈಗೆ ಕೊಡೋದೇ ಬೇಡ, ನಾನೇ ಬಿಚ್ಚಿ ನಾನೇ ಕೂಡಿಸ್ತೀನಿ ಅಂದುಕೊಂಡಳು. ಮಗನನ್ನ ಬಸ್ಸು ಹತ್ತಿಸಿದಳು. ಹುಷಾರಾಗಿ ತಾ, ಬೀಳಿಸಬೇಡ, ಯಾರ ಕೈಗೂ ಕೊಡಬೇಡ ಅಂತ ಮೂರು ಸಲ ಹೇಳಿದಳು. ಅವನು ಬೀಳಿಸಲಿಲ್ಲ. ಯಾರ ಕೈಗೂ ಕೊಡಲಿಲ್ಲ. ಎದೆಗೆ ಅವಚಿಕೊಂಡು ಮನೆಯವರೆಗೂ ತಂದ. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ.

ಕಾಳಮ್ಮ ಜಗಲಿಯಲ್ಲಿ ಕಾಯುತ್ತಾ ಕೂತಿದ್ದಳು. ಹಿತ್ತಿಲಲ್ಲಿ ಸಾಣೆಕಲ್ಲು ತಿರುಗೋ ಸದ್ದು ಕೇಳಿತು. ಪರವಾಗಿಲ್ಲ, ಮಗ ಬಂದವನೇ ಸ್ಕ್ರೂಡ್ರೈವರ್ ಹಿಡಿದು ಕೆಲಸಕ್ಕೆ ಕೂತ ಅಂತ ಅವಳಿಗೆ ಸಮಾಧಾನವಾಯಿತು. ಒಳ್ಳೆ ಹೊತ್ತು ತಿರುಗಿತು ಕಲ್ಲು. ಆಮೇಲೆ ಅವನು ಬೆವರು ಒರೆಸಿಕೊಂಡು ಬಂದು ಕನ್ನಡಕವನ್ನ ಅವ್ವನ ಕೈಗೆ ಕೊಟ್ಟ. ತುಂಬಾ ದಪ್ಪ ಇತ್ತವ್ವ, ಎರಡು ಕಡೆಯೂ ಸಮ ಮಾಡಿದ್ದೀನಿ ಅಂದ.

ಕಾಳಮ್ಮ ಹಾಕಿಕೊಂಡು ನೋಡಿದಳು. ಮೊದಲು ಮಂಜು ಕಣ್ಣಲ್ಲಿ ಮಾತ್ರ ಇತ್ತು.

ಅವತ್ತು ಅವಳು ಬಯ್ಯಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಮೌನಾಚಾರಿಗೆ ಭಯವಾಯಿತು. ಬೈಗುಳಕ್ಕೆ ಅವನು ಒಗ್ಗಿಹೋಗಿದ್ದ, ಇದು ಹೊಸದು. ಅವಳು ಎದ್ದು, ನಡಿ, ಸಾಣೆ ತಿರುಗಿಸು ಅಂದಳು.

ಅವನು ತಿರುಗಿಸಿದ, ಅವಳು ಸ್ಕ್ರೂಡ್ರೈವರ್ ಹಿಡಿದಳು. ಕಣ್ಣು ಬೇಕಾಗಲಿಲ್ಲ. ಬಿಸಿಯಾದರೆ ಉಕ್ಕಿನ ಹದ ಹೋಗುತ್ತೆ ಅಂತ ಮತ್ತೆ ಮತ್ತೆ ನೀರಲ್ಲಿ ಅದ್ದಿದಳು. ಕೊಡಲಿಯ ಬಾಯಿಯ ಹಾಗೆ ಇಳಿಜಾರಾಗಿದ್ದ ತುದಿ ನೆಟ್ಟಗಾಯಿತು, ತೆಳ್ಳಗಾಯಿತು. ಸ್ಕ್ರೂ ಬಾಯಿಗೆ ಇಟ್ಟರೆ ತಳ ಮುಟ್ಟಿ ಕಚ್ಚಿಕೊಂಡು ನಿಂತಿತು. ಅಗಲವೂ ಅಷ್ಟೇ, ಸ್ಕ್ರೂ ತಲೆಯಿಂದ ಆಚೆ ಒಂದು ಕೂದಲೂ ಚಾಚಿರಲಿಲ್ಲ.

ಕೋವಿಯನ್ನ ಬಟ್ಟೆ ಸುತ್ತಿ, ಕೆಲಸದ ಮೇಜಿಗೆ ಬಿಗಿದ ಇಕ್ಕಳದಲ್ಲಿ ಕೂರಿಸಿದರು. ಮೌನಾಚಾರಿ ತಿರುಗಿಸಿದ. ಸ್ಕ್ರೂ ಜಗ್ಗಲಿಲ್ಲ. ಅಜ್ಜನ ಕಾಲದಿಂದ ಕೂತಲ್ಲೇ ಕೂತದ್ದು, ಮೊಮ್ಮಗ ಸುಬೇದಾರರ ಹಾಗೇ ಬಿಗಿ. ಮೌನಾಚಾರಿ ಲುಂಗಿ ಎತ್ತಿ ಕಟ್ಟಿದ, ಒಂದು ಕಾಲನ್ನ ಮೇಜಿಗೆ ಕೊಟ್ಟ, ಹಲ್ಲು ಕಚ್ಚಿದ. ಇಕ್ಕಳ ಕಿರ್ ಅಂದದ್ದೇ ಕಾಳಮ್ಮ ಅವನ ಕೈ ಹಿಡಿದಳು. ನಿನ್ನ ಬದಲು ಒಂದು ಎಮ್ಮೆ ಹೆತ್ತಿದ್ದರೆ, ಅದು ನಿನ್ನಷ್ಟೇ ಎಳೆಯುತ್ತಿತ್ತು, ಮೇಲೆ ಹಾಲೂ ಕೊಡುತ್ತಿತ್ತು ಅಂದಳು. "ಜಗ್ಗೋಲ್ಲ ಅಂದದ್ದರ ಮೇಲೆ ಜೋರು ಮಾಡಬಾರದು. ತಲೆಗೆ ಎಣ್ಣೆ ಬಿಡು. ಕೆಳಗಿಂದ ಸ್ವಲ್ಪ ಕಾವು ಕೊಡು. ಮರದ ಕೊಡತಿಯಲ್ಲಿ ತಲೆ ಮೇಲೆ ಮೆಲ್ಲಗೆ ತಟ್ಟು. ತಾನಾಗೇ ಸಡಿಲ ಆಗುತ್ತೆ."

"ಆಯ್ತವ್ವ."

ಸ್ಕ್ರೂಗೆ ಎಣ್ಣೆ ಬಿಟ್ಟರು, ಕಾದ ಸರಳು ಮುಟ್ಟಿಸಿದರು, ತಟ್ಟಿದರು. ಇನ್ನು ನೆನೆಯಲಿ ಅಂತ ಬಿಟ್ಟು ಕಾಳಮ್ಮ ಅಡುಗೆಗೆ ಒಳಗೆ ಹೋದಳು.

ಅಷ್ಟರಲ್ಲಿ ಸುಬೇದಾರರು ಬಂದರು. ಕೋವಿ ಎಲ್ಲಿಗೆ ಬಂತು ಅಂತ ನೋಡೋಕೆ. ನೋಡಿದರೆ ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ. ಮೀಸೆ ಮೇಲೇರಿತು. ಗಿರಾಕಿಗಳ ಬೆಂಚಿನ ಮೇಲೆ ನೆಟ್ಟಗೆ ಕೂತರು, ಎರಡು ಕೈಯನ್ನೂ ಮಂಡಿ ಮೇಲೆ ಊರಿದರು. "ನೋಡಪ್ಪ, ಕೋವಿ ಬಿಚ್ಚಿ ಏನಾಗಿದೆ ಅಂತ ತೋರಿಸೋವರೆಗೆ ನಾನು ಇಲ್ಲಿಂದ ಜಗ್ಗೋಲ್ಲ" ಅಂದರು.

ಜಗ್ಗೋಲ್ಲ ಅಂದರೆ ಏನು ಮಾಡಬೇಕು ಅಂತ ಮೌನಾಚಾರಿಗೆ ಗೊತ್ತಿತ್ತು. ಇಷ್ಟು ಬೇಗ ಇನ್ನೊಂದು ಸಿಗುತ್ತೆ ಅಂತ ಮಾತ್ರ ಗೊತ್ತಿರಲಿಲ್ಲ.

ಮೊದಲು ಹರಳೆಣ್ಣೆ ತಂದು ಅವರ ನೆತ್ತಿಗೆ ಬಿಟ್ಟ. ಸುಬೇದಾರರು ಬೆಚ್ಚಿದರು. ಆದರೆ ಅವನ ಬೆರಳು ಗಟ್ಟಿ ಬೆರಳು, ಎಣ್ಣೆ ತಂಪು, ಹೊಳೆ ದಾಟಿ ಬಿಸಿಲಲ್ಲಿ ಬಂದ ತಲೆ. ಇದು ಈ ಕಡೆಯ ಉಪಚಾರ ಇರಬೇಕು, ತಂದೆ ಇಲ್ಲದಿದ್ದರೂ ಮಗನಿಗೆ ಮರ್ಯಾದೆ ಗೊತ್ತಿದೆ ಅಂದುಕೊಂಡರು. ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಬೆಂಚಿನ ಕೆಳಗಿಂದ ಹಿತವಾಗಿ ಬೆಚ್ಚಗಾಗತೊಡಗಿತು. ಅದೂ ಚೆನ್ನಾಗಿದೆ ಅನ್ನಿಸಿತು. ಅವರ ಬೆನ್ನು ಎಷ್ಟೋ ವರ್ಷದ ಮೇಲೆ ಸ್ವಲ್ಪ ಬಾಗಿತು. ಆಮೇಲೆ ಬೆಚ್ಚಗಿದ್ದದ್ದು ಬಿಸಿಯಾಯಿತು, ಬಿಸಿ ಇದ್ದದ್ದು ಸುಡತೊಡಗಿತು. ಏನಿದು ಅಂತ ಬಗ್ಗಿ ನೋಡಿದರೆ ಕೆಳಗೆ ಒಂದು ಬಾಣಲೆ ಕೆಂಡ. ತಲೆ ಎತ್ತುವಷ್ಟರಲ್ಲಿ ಕೊಡತಿ ನೆತ್ತಿಯ ಮೇಲೆ ಠಕ್ ಅಂತ ಬಿತ್ತು. ಮೆಲ್ಲಗೇ ಬಿತ್ತು, ಅವ್ವ ಹೇಳಿದ್ದು ಹಾಗೇ ತಾನೆ.

ಸುಬೇದಾರರು ಬೆಂಚಿನಿಂದ ರಸ್ತೆಗೆ ಹಾರಿದರು. ಒಳಗಿನಿಂದ ಕಾಳಮ್ಮ ಓಡಿ ಬರುವಾಗ ಮಗ ಬಾಗಿಲಲ್ಲೇ ನಿಂತಿದ್ದ.

"ಅವ್ವ, ಜಗ್ಗಿತು" ಅಂದ.

ಕಾಳಮ್ಮ ಸುಬೇದಾರರ ಕಾಲು ಹುಡುಕಿ ಹಿಡಿದುಕೊಂಡಳು. ಅವರು ಎಣ್ಣೆ ಸೋರೋ ಮೀಸೆ ಒರೆಸಿಕೊಂಡು, ಕೋವಿಯನ್ನ ಈಗಲೇ ಮೈಸೂರಿಗೆ ಒಯ್ಯುತ್ತೇನೆ ಅಂತ ಒಳಗೆ ನುಗ್ಗಿದರು. ಇಕ್ಕಳದಿಂದ ಬಿಡಿಸೋಕೆ ಮುಂಚೆ ಕಾಳಮ್ಮ, ಒಂದೇ ಒಂದು ಸಲ ನೋಡಿಬಿಡಿ ಸ್ವಾಮಿ ಅಂತ ಸ್ಕ್ರೂಡ್ರೈವರ್ ಇಟ್ಟು ಮಗನಿಗೆ ತಿರುಗಿಸು ಅಂದಳು. ಸ್ಕ್ರೂ ಸದ್ದಿಲ್ಲದೆ ತಿರುಗಿತು. ಬಾಯಿ ಹರಿದಿರಲಿಲ್ಲ, ಪಕ್ಕದ ಬಳ್ಳಿಯ ಒಂದು ಎಲೆಗೂ ಗೀರು ಬಿದ್ದಿರಲಿಲ್ಲ. ಸುಬೇದಾರರು ಬಗ್ಗಿ ನೋಡಿದರು, ಮತ್ತೆ ನೋಡಿದರು. ಕೋವಿ ಇಲ್ಲೇ ಇರಲಿ ಅಂದರು. ಹಬ್ಬದ ದಿನ ಬೆಳಗ್ಗೆ ನಮ್ಮ ಮನೆಗೆ ತಂದು ಮುಟ್ಟಿಸಬೇಕು, ನಾನಂತೂ ಇನ್ನು ಈ ಬೆಂಚಿನ ಮೇಲೆ ಕೂರೋದಿಲ್ಲ ಅಂತ ಹೇಳಿ ಹೊರಟುಹೋದರು.

ಸಂಜೆಯೊಳಗೆ ಉಳಿದ ಸ್ಕ್ರೂಗಳೂ ಬಿಚ್ಚಿ ಬಂದವು. ಒಂದರ ಬಾಯಿ ಇನ್ನೊಂದರ ಹಾಗಿಲ್ಲ, ಒಂದರ ಉದ್ದ ಇನ್ನೊಂದರದಲ್ಲ. ಒಂದೊಂದಕ್ಕೂ ಕಾಳಮ್ಮ ಬೇರೆ ಬೇರೆ ಸ್ಕ್ರೂಡ್ರೈವರ್ ಉಜ್ಜಿದಳು. ಶೆಟ್ಟರ ಅಂಗಡಿಯ ಎಂಜಲು ಕಂತೆ ಹೀಗೆ ಕೆಲಸಕ್ಕೆ ಬಂತು, ಅದನ್ನ ಮಾತ್ರ ಅವಳು ಮಗನ ಮುಂದೆ ಒಪ್ಪಿಕೊಳ್ಳಲಿಲ್ಲ. ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಕೋವಿಯ ಚಿತ್ರ ಬರೆಸಿ, ಬಿಚ್ಚಿದ್ದನ್ನೆಲ್ಲ ಅದರದರ ಜಾಗದಲ್ಲಿ ಇಡಿಸಿದಳು. ತೆಗೆದದ್ದನ್ನ ತೆಗೆದ ಜಾಗಕ್ಕೇ ಹಾಕಬೇಕು, ಅದಲು ಬದಲು ಆಗಬಾರದು ಅಂದಳು. ಗಂಡನ ತಗಡಿನ ಡಬ್ಬಿಯಿಂದ ಒಂದು ಸ್ಪ್ರಿಂಗ್ ಹುಡುಕಿ, ಅರದಲ್ಲಿ ತೀಡಿ, ಹದ ಮಾಡಿ ಮಗನ ಕೈಗೆ ಕೊಟ್ಟಳು.

ಮೌನಾಚಾರಿ ಒಂದನ್ನೂ ಅದಲು ಬದಲು ಮಾಡಲಿಲ್ಲ. ತೆಗೆದದ್ದನ್ನ ತೆಗೆದ ಜಾಗಕ್ಕೇ ಹಾಕಿದ. ಎಲ್ಲ ಬಿಗಿ ಮಾಡಿದ ಮೇಲೆ ಕುದುರೆ ಎಳೆದರೆ ಅದು ಮೊದಲಿನ ಹಾಗೇ ಜೋತುಬಿತ್ತು. ಮುರಿದ ಸ್ಪ್ರಿಂಗ್ ತನ್ನ ಹಳೇ ಮನೆಯಲ್ಲಿ ಭದ್ರವಾಗಿ ಕೂತಿತ್ತು. ಹೊಸದು ಮೌನಾಚಾರಿಯ ಜೇಬಿನಲ್ಲಿತ್ತು, ಅದನ್ನ ಕೋವಿಯಿಂದ ತೆಗೆದಿರಲಿಲ್ಲವಲ್ಲ.

ನಿನ್ನ ಬದಲು ಒಂದು ಇಕ್ಕಳ ಹೆತ್ತಿದ್ದರೆ, ಕೊಟ್ಟದ್ದನ್ನ ಸುಮ್ಮನೆ ಹಿಡಕೊಂಡಾದರೂ ಇರುತ್ತಿತ್ತು ಅಂತ ಕಾಳಮ್ಮ ಮತ್ತೆ ಎಲ್ಲ ಬಿಚ್ಚಿಸಿದಳು. ಈ ಸಲ ಪಕ್ಕದಲ್ಲೇ ಕೂತು, ಸ್ಪ್ರಿಂಗನ್ನ ತನ್ನ ಕೈಯಾರೆ ಕೂರಿಸಿದಳು. ಆಮೇಲೆ ಅವನು ಸ್ಕ್ರೂ ತಿರುಗಿಸಿದ. ಅವಳು ಬೆರಳಾಡಿಸಿ ನೋಡಿದಳು. ಒಂದರ ಸೀಳು ಮೂಡಣಕ್ಕೆ, ಒಂದರದು ಪಡುವಣಕ್ಕೆ, ಒಂದು ಅಡ್ಡಡ್ಡ.

ಇದು ಕೋವಿಯೋ ಸಂತೆಯೋ ಅಂದಳು. ಹಳೇ ಉಸ್ತಾದರು ಕೂಡಿಸಿದ ಕೋವಿಯಲ್ಲಿ ಸ್ಕ್ರೂ ಸೀಳುಗಳೆಲ್ಲ ನಳಿಗೆಯ ಉದ್ದಕ್ಕೇ ಮಲಗಿರುತ್ತವೆ, ನಿಮ್ಮಪ್ಪನ ಕೆಲಸವೂ ಹಾಗೇ ಇರುತ್ತಿತ್ತು ಅಂದಳು. ಆಮೇಲೆ ಅವನ ಎರಡು ಕೈಯನ್ನೂ ಹಿಡಿದು ಹೇಳಿದಳು. "ಮೊದಲು ಮೈಭಾರ ಹಾಕಿ ಮೇಲಿಂದ ಒತ್ತು. ಒತ್ತಿ ಹಿಡಿದು ಮೆಲ್ಲಗೆ ತಿರುಗಿಸು. ನಳಿಗೆ ಉದ್ದಕ್ಕೆ ಬಂದ ಕೂಡಲೇ ನಿಲ್ಲಿಸು. ಕೋವಿ ಮುಂದೆ ಒಂದೂ ಅಡ್ಡ ಬಿದ್ದಿರಬಾರದು. ಬಿದ್ದಿದ್ದರೆ ಸರಿ ಮಾಡದೆ ಕೈ ತೆಗೀಬೇಡ. ಸರಿಯಾದ ಮೇಲೆ ಮತ್ತೆ ಅಲ್ಲಾಡಿಸಬೇಡ."

"ಆಯ್ತವ್ವ."

ಅವನು ಒತ್ತಿದ, ತಿರುಗಿಸಿದ, ನಿಲ್ಲಿಸಿದ. ಕಾಳಮ್ಮ ಉಗುರಿನ ತುದಿಯಿಂದ ಒಂದೊಂದೇ ಸ್ಕ್ರೂ ಮುಟ್ಟಿ ನೋಡಿದಳು. ಎಲ್ಲವೂ ನಳಿಗೆಯ ಉದ್ದಕ್ಕೆ, ಒಂದೇ ಗೆರೆಯಲ್ಲಿ. ಕುದುರೆ ಎಳೆದಳು, ಟಕ್ ಅಂತ ನಿಂತಿತು. ಬಿಟ್ಟಳು, ಮತ್ತೆ ಎಳೆದಳು, ಮತ್ತೆ ನಿಂತಿತು. ಮತ್ತೊಂದು ಸಲ ಎಲ್ಲ ಮುಟ್ಟಿ ನೋಡಿದಳು. ಬಯ್ಯೋಕೆ ಏನೂ ಸಿಗಲಿಲ್ಲ. ಊಟಕ್ಕೆ ಏಳು ಅಂದಳು. ತಟ್ಟೆಗೆ ಒಂದು ಚಮಚ ತುಪ್ಪ ಜಾಸ್ತಿ ಬಿತ್ತು.

ಹಬ್ಬದ ದಿನ ಬೆಳಗ್ಗೆ ಮೌನಾಚಾರಿ ಕೋವಿಯನ್ನ ಹೊಸ ಬಟ್ಟೆಯಲ್ಲಿ ಸುತ್ತಿಕೊಂಡು ಹೊಳೆ ದಾಟಿದ. ಸುಬೇದಾರರ ಮನೆ ತುಂಬ ನೆಂಟರು. ಸುಬೇದಾರರು ಮೊದಲು ಅವನ ಕೈಯಲ್ಲಿ ಎಣ್ಣೆ ಇಲ್ಲ, ಕೊಡತಿ ಇಲ್ಲ ಅಂತ ನೋಡಿಕೊಂಡರು. ಆಮೇಲೆ ಬಟ್ಟೆ ಬಿಚ್ಚಿ ಕೋವಿಯನ್ನ ಬೆಳಕಿಗೆ ಹಿಡಿದರು. ಕುದುರೆ ಎಳೆದರು. ಸ್ಕ್ರೂಗಳ ಸಾಲು ನೋಡಿದರು. ಅವರ ಮುಖದ ಬಿಗಿ ತಾನಾಗೇ ಸಡಿಲವಾಯಿತು. ನಮ್ಮಜ್ಜ ಗೋಡೆಯಿಂದ ಇಳಿಸುವಾಗ ಹೀಗೇ ಇತ್ತು ಅಂತ ನೆಂಟರಿಗೆಲ್ಲ ತೋರಿಸಿದರು. ನೆಂಟರು ಕೈಯಿಂದ ಕೈಗೆ ದಾಟಿಸಿ ನೋಡಿದರು. ನಮ್ಮದನ್ನೂ ಅಲ್ಲಿಗೇ ಕಳಿಸೋಣ ಅಂತ ಒಬ್ಬರು ಅಂದರು, ಇನ್ನೊಬ್ಬರೂ ಹೂಂ ಅಂದರು. ಸುಬೇದಾರರು ಮೌನಾಚಾರಿಯ ಬೆನ್ನು ತಟ್ಟಿ, ಪೂಜೆ ಮುಗಿಸಿ ಊಟ ಮಾಡಿಕೊಂಡೇ ಹೋಗಬೇಕು, ನಿಮ್ಮ ಅಂಗಡಿಯನ್ನ ನಾವು ಬಿಡೋದಿಲ್ಲ ಅಂತ ನಿಮ್ಮವ್ವನಿಗೆ ಹೇಳು ಅಂದರು. ಇಷ್ಟಕ್ಕೇ ಅವನನ್ನ ಊಟ ಹಾಕಿ ಕಳಿಸಿದ್ದರೆ ಎಲ್ಲ ಚೆನ್ನಾಗಿತ್ತು.

ದೀಪ ಹಚ್ಚಿದರು. ಕೋವಿಗಳನ್ನ ಸಾಲಾಗಿ ಇಟ್ಟರು, ಅಜ್ಜನ ಕೋವಿ ಮೊದಲು. ನಳಿಗೆಗೆ ಹೂ ಸಿಕ್ಕಿಸಿದರು. ನೆಂಟರೆಲ್ಲ ಕೈಮುಗಿದು ಹಿಂದೆ ನಿಂತರು. ಮನೆಗೆ ಹಿರಿಯರು ನೀವು, ಮೊದಲು ನೀವೇ ಅಡ್ಡಬೀಳಿ ಅಂತ ಯಾರೋ ಸುಬೇದಾರರಿಗೆ ಹೇಳಿದ್ದು ಮೌನಾಚಾರಿಯ ಕಿವಿಗೆ ಬಿತ್ತು. ಅವನು ಕತ್ತು ಚಾಚಿ ನೋಡಿದ. ನೋಡುತ್ತಾ ಇದ್ದ ಹಾಗೇ ಸುಬೇದಾರರು ಅಜ್ಜನ ಕೋವಿಯ ಮುಂದೆ ಉದ್ದಕ್ಕೆ ಮೈ ಚೆಲ್ಲಿ ನಮಸ್ಕಾರ ಮಾಡಿದರು. ಕೋವಿ ಇದ್ದದ್ದು ಗೋಡೆಯ ಉದ್ದಕ್ಕೆ. ಸುಬೇದಾರರು ಬಿದ್ದದ್ದು ಅದಕ್ಕೆ ಅಡ್ಡವಾಗಿ.

ಮೌನಾಚಾರಿಗೆ, ಕೋವಿ ಮುಂದೆ ಒಂದೂ ಅಡ್ಡ ಬಿದ್ದಿರಬಾರದು ಅಂದ ಅವ್ವನ ಮಾತು ನೆನಪಾಯಿತು. ಇಷ್ಟು ಚೆನ್ನಾಗಿ ಆದ ಕೆಲಸ ಕೊನೇ ಗಳಿಗೆಯಲ್ಲಿ ಕೆಟ್ಟುಹೋಗಬಾರದು. ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ. ಮೊದಲು ಸುಬೇದಾರರ ಬೆನ್ನಿನ ಮೇಲೆ ಮಂಡಿ ಊರಿ ಮೈಭಾರ ಹಾಕಿ ಒತ್ತಿದ. ಅವರ ಬಾಯಿಂದ ಗಾಳಿ ಹೊರಟಿತು, ಮಾತು ಹೊರಡಲಿಲ್ಲ. ಒತ್ತಿ ಹಿಡಿದು, ಒಂದು ಕೈ ಹೆಗಲಿಗೆ ಒಂದು ಕೈ ಸೊಂಟಕ್ಕೆ ಕೊಟ್ಟು, ಮೆಲ್ಲಗೆ ತಿರುಗಿಸಿದ. ಗಾರೆ ನೆಲ, ಹಬ್ಬಕ್ಕೆ ತಿಕ್ಕಿ ನುಣ್ಣಗೆ ಮಾಡಿದ್ದು, ಸರಾಗವಾಗಿ ತಿರುಗಿದರು. ನೆಂಟರು ಮುಗಿದ ಕೈ ಮುಗಿದ ಹಾಗೇ ನಿಂತಿದ್ದರು. ಇದೂ ಪೂಜೆಯಲ್ಲಿ ಸೇರಿದ್ದೋ ಏನೋ ಅಂತ ಅವರಿಗೆ ಅನುಮಾನ.

ನಳಿಗೆಯ ಉದ್ದಕ್ಕೆ ಬಂದ ಕೂಡಲೇ ನಿಲ್ಲಿಸಿದ. ಒಂದು ಕಣ್ಣು ಮುಚ್ಚಿ ಗೆರೆ ಹಿಡಿದು ನೋಡಿದ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ಈಗ ಸರಿಯಾಯ್ತು ಸುಬೇದಾರ್ರೇ" ಅಂದ. "ಇನ್ನು ಅಲ್ಲಾಡಬೇಡಿ."

ಆಮೇಲೆ ಮೇಲೆದ್ದು, ಮಂಡಿ ಒರೆಸಿಕೊಂಡು, ಹಿಂದೆ ಸಾಲಾಗಿ ನಿಂತಿದ್ದ ನೆಂಟರ ಕಡೆ ತಿರುಗಿ, ಮುಂದಿನವರು ಬಂದು ಮಲಗಿ ಅಂತ ಕರೆದ.